ಹೊಸ ರೈಫಲ್ಲಿನ ಹಳೇ ಕೊಳೆ

ಪೆಟ್ಟಿಗೆ ಬಿಚ್ಚಿದ ತಕ್ಷಣ ಮೂಗಿಗೆ ಬಡಿದದ್ದು ವಾಸನೆ. ಹೊಲಿಗೆ ಮಿಷನ್ ಎಣ್ಣೆಗೆ ಮೇಣ ಕರಗಿಸಿ ಹಾಕಿದ ಹಾಗಿತ್ತು. ರೈಫಲ್ ಒಂದು ತೆಳು ಪ್ಲಾಸ್ಟಿಕ್ ಚೀಲದಲ್ಲಿತ್ತು, ಚೀಲದ ಒಳಮೈಯೆಲ್ಲ ಜಿಡ್ಡು. ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಇಷ್ಟು ಚೆನ್ನಾಗಿರೋದನ್ನ ತೊಳೆಯೋಕೆ ಏನಿದೆ ಅಂದುಕೊಂಡೆ.

ರೇಂಜಿನಲ್ಲಿ ನನಗೆ ಗುರಿ ಹಿಡಿಯೋದು ಕಲಿಸಿಕೊಟ್ಟ ಹಿರಿಯರೊಬ್ಬರಿದ್ದಾರೆ. ಖುಷಿ ತಡೆಯಲಾಗದೆ ಅವರಿಗೆ ಫೋನ್ ಮಾಡಿದೆ.

"ಸರ್, ಬಂತು. ನಾಳೆ ಬೆಳಿಗ್ಗೆ ತರ್ತೀನಿ."

"ಕ್ಲೀನ್ ಮಾಡಿದ್ಯಾ?"

"ಹೊಸದು ಸರ್. ಈಗಷ್ಟೇ ಪೆಟ್ಟಿಗೆಯಿಂದ ತೆಗೆದೆ."

"ಅದಕ್ಕೇ ಕೇಳಿದ್ದು," ಅಂದು ಫೋನ್ ಇಟ್ಟರು.

ನನ್ನದು .308 ಅನ್ನುವ ಅಳತೆಯ ತೋಟಾ ಹಾಕುವ ಬೋಲ್ಟ್ ಆಕ್ಷನ್. ಅಂದರೆ ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಅನ್ನುವ ಉಕ್ಕಿನ ದಂಡದ ಹಿಡಿ ಎತ್ತಿ, ಹಿಂದಕ್ಕೆ ಎಳೆದು, ಮುಂದಕ್ಕೆ ತಳ್ಳಿ, ಮಡಚಬೇಕು. ಜೊತೆಗೆ ಬಂದ ಪುಸ್ತಕ ತೆಗೆದು ನೋಡಿದರೆ ಎರಡನೇ ಪುಟದಲ್ಲೇ ದಪ್ಪ ಅಕ್ಷರದಲ್ಲಿತ್ತು: ಮೊದಲ ಸಲ ಹಾರಿಸುವ ಮುಂಚೆ ನಳಿಗೆ ಮತ್ತು ಚೇಂಬರಿನ ಎಣ್ಣೆ ಪೂರ್ತಿ ಒರೆಸಿ ತೆಗೆಯಿರಿ. ಚೇಂಬರ್ ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ. ಕಾರಣ ಬರೆದಿರಲಿಲ್ಲ. ನನಗೆ ಕಾರಣ ಗೊತ್ತಾಗದೆ ಕೆಲಸ ಮಾಡೋಕೆ ಮನಸ್ಸು ಬರಲ್ಲ. ಹಾಗಾಗಿ ಅವತ್ತು ಸಾಯಂಕಾಲ ಓದೋದರಲ್ಲೇ ಕಳೆಯಿತು, ತೊಳೆಯೋದು ಮರುದಿನಕ್ಕೆ ಹೋಯಿತು.

ಸಂಗತಿ ಇಷ್ಟು. ಕಾರ್ಖಾನೆಯಿಂದ ಹೊರಟ ರೈಫಲ್ ನಮ್ಮ ಕೈಗೆ ಬರೋಕೆ ತಿಂಗಳುಗಳೇ ಹಿಡಿಯಬಹುದು. ಗೋದಾಮು, ಹಡಗು, ಲಾರಿ, ಮತ್ತೆ ಗೋದಾಮು. ಅಷ್ಟು ದಿನ ತುಕ್ಕು ಹಿಡಿಯದೆ ಇರಲಿ ಅಂತ ಒಳಗೂ ಹೊರಗೂ ದಪ್ಪ ಎಣ್ಣೆ ಬಳಿದಿರುತ್ತಾರೆ. ಅದು ತುಕ್ಕು ತಡೆಯೋ ಎಣ್ಣೆ, ಓಡಾಡೋ ಭಾಗಗಳಿಗೆ ಹಾಕುವ ಎಣ್ಣೆ ಅಲ್ಲ. ಎರಡಕ್ಕೂ ವ್ಯತ್ಯಾಸ ಇದೆ. ಹಳೆಯ ಸೈನ್ಯದ ರೈಫಲ್ ಕೊಂಡವರನ್ನು ಕೇಳಿ ನೋಡಿ, ಕಾಸ್ಮೋಲಿನ್ ಅನ್ನುವ ಕಂದು ಮೇಣದ ಹೆಸರು ಹೇಳಿದರೇ ತಲೆ ಚಚ್ಚಿಕೊಳ್ಳುತ್ತಾರೆ. ದಶಕಗಟ್ಟಲೆ ಪೆಟ್ಟಿಗೆಯಲ್ಲಿ ಕೂತು ಗಟ್ಟಿಯಾಗಿ, ಮರದ ಒಳಗೂ ಇಳಿದು, ಬಿಸಿಲಿಗೆ ಇಟ್ಟರೆ ಬೆವರಿನ ಹಾಗೆ ಹೊರಗೆ ಬರುತ್ತಿರುತ್ತದೆ. ಅದಕ್ಕೆ ಹೋಲಿಸಿದರೆ ನನ್ನದು ಏನೂ ಅಲ್ಲ.

ಇನ್ನೊಂದು ವಿಷಯ ನಿಜವಾಗಿ ಆಶ್ಚರ್ಯ ಹುಟ್ಟಿಸಿತು. ಹೊಸ ರೈಫಲ್ ಅಂದರೆ ಒಂದು ಗುಂಡೂ ಹಾರಿಸದ ರೈಫಲ್ ಅಲ್ಲ! ಕಾರ್ಖಾನೆಯಲ್ಲೇ ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ ಹಾಕಿ ಪರೀಕ್ಷೆ ಮಾಡಿ, ತಡೆದುಕೊಂಡರೆ ನಳಿಗೆಯ ಮೇಲೆ ಒಂದು ಪುಟ್ಟ ಮುದ್ರೆ ಒತ್ತುತ್ತಾರೆ. ಯುರೋಪಿನ ನಿಯಮದಲ್ಲಿ .308ಗೆ ಒತ್ತಡದ ಮಿತಿ 4,150 ಬಾರ್, ಪರೀಕ್ಷೆಯ ತೋಟಾ ಅದಕ್ಕಿಂತ ನಾಲ್ಕನೇ ಒಂದು ಪಾಲು ಜಾಸ್ತಿ. ಕಾರಿನ ಟೈರಿನಲ್ಲಿ ಇರೋದು ಎರಡು, ಎರಡೂವರೆ ಬಾರ್. ಅಂದಾಜು ಮಾಡಿಕೊಳ್ಳಿ. ಹೀಗೆ ಹಾರಿಸಿದ ಮಸಿ, ತಾಮ್ರದ ಅಂಶ, ನಳಿಗೆ ಕೊರೆದಾಗ ಉಳಿದ ಉಕ್ಕಿನ ಪುಡಿ, ಎಲ್ಲದರ ಮೇಲೂ ಎಣ್ಣೆ ಬಳಿದು ಪ್ಯಾಕ್ ಮಾಡಿರಬಹುದು. ಹೊರಗಿನ ಮಿಂಚು ನೋಡಿ ಮೋಸ ಹೋಗಿದ್ದೆ.

ಮರುದಿನ ಮೇಜಿನ ಮೇಲೆ ಹಳೆ ಹೊದಿಕೆ ಹಾಸಿ, ಕಿಟಕಿ ತೆರೆದು ಕೂತೆ. ತೋಟಾಗಳ ಡಬ್ಬಿ ಬೇರೆ ಕೋಣೆಯಲ್ಲಿ, ಬೀಗದೊಳಗೆ. ಇದರಲ್ಲಿ ನಾನು ತುಂಬ ಕಟ್ಟುನಿಟ್ಟು. ಮ್ಯಾಗಜೀನ್ ತೆಗೆದೆ, ಬೋಲ್ಟ್ ಎಳೆದೆ, ಚೇಂಬರಿನೊಳಗೆ ಕಣ್ಣು ಹಾಯಿಸಿದೆ, ಕಿರುಬೆರಳು ತೂರಿಸಿ ಮುಟ್ಟಿಯೂ ನೋಡಿದೆ. ಪೆಟ್ಟಿಗೆಯಿಂದ ನಾನೇ ತೆಗೆದ ಹೊಸ ರೈಫಲ್, ಒಳಗೆ ತೋಟಾ ಎಲ್ಲಿಂದ ಬರಬೇಕು ಅಲ್ವಾ? ಆದರೂ ನೋಡಬೇಕು. ಬೆರಳು ಹೊರಗೆ ಬಂದಾಗ ತುದಿಯಲ್ಲಿ ಕಂದು ಅಂಟು.

ಬೋಲ್ಟ್ ಪೂರ್ತಿ ಹೊರಗೆ ತೆಗೆದು ಪಕ್ಕಕ್ಕಿಟ್ಟೆ. ಈಗ ಹಿಂದಿನಿಂದ ನೋಡಿದರೆ ನಳಿಗೆಯ ಆ ಕಡೆಯ ಕಿಟಕಿ ಕಾಣುತ್ತದೆ, ಒಂದು ಪುಟ್ಟ ಬೆಳಕಿನ ಬಿಲ್ಲೆ. ಸುತ್ತ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು ಇರಬೇಕಿತ್ತು, ಇದ್ದವು, ಆದರೆ ಮಬ್ಬಾಗಿ.

ಸಾಮಾನಿನ ವಿಷಯದಲ್ಲಿ ಮೊದಲೇ ಒಂದು ತಪ್ಪು ಮಾಡಿದ್ದೆ. ನಳಿಗೆಯೊಳಗೆ ಬಟ್ಟೆ ತಳ್ಳೋಕೆ ಅಂತ ಮೂರು ತುಂಡು ಸೇರಿಸಿ ತಿರುಗಿಸುವ ಅಗ್ಗದ ಅಲ್ಯುಮಿನಿಯಂ ರಾಡಿನ ಸೆಟ್ ತಂದಿಟ್ಟಿದ್ದೆ. ಅದನ್ನು ಫೋಟೋ ತೆಗೆದು ಸರ್‌ಗೆ ಕಳಿಸಿದರೆ "ಇದನ್ನ ಒಳಗೆ ಹಾಕಬೇಡ, ಬಂದೆ" ಅಂತ ಉತ್ತರ ಬಂತು. ತಮ್ಮದೇ ಒಂದು ಉದ್ದ ರಾಡ್, ಕಾರ್ಬನ್ ಫೈಬರಿನದು, ಒಂದೇ ತುಂಡು, ಹಿಡಿಯಲ್ಲಿ ಬೇರಿಂಗ್ ಇರೋದು, ತಂದುಕೊಟ್ಟು ಹೋದರು. ತುಂಡು ರಾಡಿನ ಕೀಲುಗಳು ನಳಿಗೆಗೆ ಉಜ್ಜುತ್ತವೆ, ಮೆತ್ತಗಿನ ಅಲ್ಯುಮಿನಿಯಮ್ಮಿಗೆ ಮರಳು, ಲೋಹದ ಪುಡಿ ಕಚ್ಚಿಕೊಂಡು ಅದೇ ಅರದ ಹಾಗೆ ಕೆಲಸ ಮಾಡುತ್ತದೆ ಅನ್ನೋದು ಅವರ ವಾದ. .308ರ ಸುರುಳಿ ಗೆರೆಯ ಆಳ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಅಷ್ಟೆ. ಅದು ಗೊತ್ತಾದ ಮೇಲೆ ನಾನೂ ವಾದ ಮಾಡಲಿಲ್ಲ.

ಇನ್ನೊಂದು ಅವರ ಕಡ್ಡಾಯದ ಮಾತು: ರಾಡ್ ಹಿಂದಿನಿಂದ, ಚೇಂಬರ್ ಕಡೆಯಿಂದಲೇ ಹೋಗಬೇಕು. ಬಾಯಿಯ ಕಡೆಯಿಂದ ಬೇಡ. ಗುಂಡು ನಳಿಗೆಯನ್ನು ಬಿಡುವ ಕೊನೆಯ ಅಂಚು ಬಾಯಿಯಲ್ಲಿದೆ, ಆ ಅಂಚು ಒಂದು ಕಡೆ ಸವೆದರೆ ಹಿಂದಿನಿಂದ ತಳ್ಳುವ ಗಾಳಿ ಒಂದು ಪಕ್ಕದಲ್ಲಿ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಬೋಲ್ಟ್ ಇದ್ದ ಜಾಗಕ್ಕೆ ಬೋರ್ ಗೈಡ್ ಅನ್ನುವ ಪ್ಲಾಸ್ಟಿಕ್ ಕೊಳವೆ ತೂರಿಸಿದೆ. ರಾಡ್ ಅದರೊಳಗಿಂದ ನೇರ ಹೋಗುತ್ತದೆ, ಸಾಲ್ವೆಂಟ್, ಅಂದರೆ ಕೊಳೆ ಕರಗಿಸುವ ದ್ರವ, ಟ್ರಿಗರಿನ ಕಡೆ ಸೋರುವುದೂ ತಪ್ಪುತ್ತದೆ. ನಳಿಗೆಯ ಬಾಯಿ ಸ್ವಲ್ಪ ಕೆಳಗೆ ಬರುವ ಹಾಗೆ ಸ್ಟ್ಯಾಂಡ್ ಇಟ್ಟೆ, ಅದೇ ಕಾರಣಕ್ಕೆ.

ಮೊದಲನೇ ಬಟ್ಟೆ ಚೂರು ಏನೂ ಹಚ್ಚದೆ ಒಣಗಿದ್ದನ್ನೇ ತಳ್ಳಿದೆ. ಬಾಯಿಯಿಂದ ಹೊರಗೆ ಬಿದ್ದದ್ದನ್ನು ನೋಡಿ ನಗು ಬಂತು. ಬಿಳಿ ಬಟ್ಟೆ ಹೋಗಿ ಕಂದು ಮುದ್ದೆ ಆಗಿತ್ತು. ಬಿಡಿಸಿ ಬೆಳಕಿಗೆ ಹಿಡಿದರೆ ಜಿಡ್ಡಿನ ನಡುವೆ ಮೂರು ನಾಲ್ಕು ಚುಕ್ಕೆಗಳು ಮಿನುಗಿದವು. ಸುಮ್ನೆ ಕುತೂಹಲಕ್ಕೆ ಒಂದು ಅಯಸ್ಕಾಂತ ಹತ್ತಿರ ತಂದೆ. ಒಂದು ಚುಕ್ಕೆ ಎದ್ದು ನಿಂತಿತು, ಕೂದಲಿಗಿಂತ ಸಣ್ಣ ಉಕ್ಕಿನ ಸುರುಳಿ. ಇದು ಒಳಗಿರುವಾಗಲೇ ಇವತ್ತು ಬೆಳಿಗ್ಗೆ ಹಾರಿಸಲು ಹೊರಟಿದ್ದೆ ನಾನು.

ಆಮೇಲೆ ಸಾಲ್ವೆಂಟ್. ಒಂದು ಒದ್ದೆ ಚೂರು, ಐದು ನಿಮಿಷ ಬಿಡುವುದು, ಮತ್ತೊಂದು ಒದ್ದೆ ಚೂರು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ, ಯಾಕೆಂದರೆ ಬ್ರಷ್ ಬಾಯಿಯಿಂದ ಹೊರಗೆ ಬರುವಾಗ ಚಟ್ ಅಂತ ಹನಿ ಸಿಡಿಸುತ್ತದೆ. ಕಂಚಿನ ಬ್ರಷ್ಷನ್ನು ಹತ್ತು ಸಲ ಆಡಿಸಿದೆ. ಪ್ರತಿ ಸಲವೂ ಪೂರ್ತಿ ಹೊರಗೆ ಬರುವ ತನಕ ತಳ್ಳಿ, ಆಮೇಲೆ ವಾಪಸ್ ಎಳೆಯಬೇಕು. ಅರ್ಧ ದಾರಿಯಲ್ಲಿ ದಿಕ್ಕು ಬದಲಿಸಿದರೆ ತಂತಿಗಳು ಮುರುಟಿ ಬ್ರಷ್ ಅಲ್ಲೇ ಕಚ್ಚಿಕೊಳ್ಳುತ್ತದೆ.

ಇದರ ಮಧ್ಯೆ ಒಂದು ಖುಷಿಯ ವಿಷಯ ಕಂಡೆ. ಬಿಗಿಯಾದ ಬಟ್ಟೆ ಕಟ್ಟಿ ತಳ್ಳುವಾಗ ರಾಡ್ ತಾನಾಗೇ ನಿಧಾನಕ್ಕೆ ತಿರುಗುತ್ತದೆ, ಗೆರೆಗಳು ಹೇಗೆ ಸುತ್ತಿವೆಯೋ ಹಾಗೆ. ರಾಡಿನ ಮೇಲೆ ಟೇಪಿನ ಚೂರು ಅಂಟಿಸಿ, ಅದು ಮೇಲಿಂದ ಹೊರಟು ಮತ್ತೆ ಮೇಲೆ ಬರುವಷ್ಟರಲ್ಲಿ ರಾಡ್ ಎಷ್ಟು ದೂರ ಒಳಗೆ ಹೋಯಿತು ಅಂತ ಅಳೆದೆ. 25 ಸೆಂಟಿಮೀಟರಿಗೆ ಒಂಚೂರು ಜಾಸ್ತಿ. ನಳಿಗೆಯ ಮೇಲೆ ಬರೆದಿದ್ದದ್ದು 1:10, ಹತ್ತು ಇಂಚಿಗೆ ಒಂದು ಸುತ್ತು. ಗುಂಡು ಹೋಗುವ ದಾರಿಯಲ್ಲೇ ನನ್ನ ಬಟ್ಟೆ ಚೂರೂ ಸುತ್ತುತ್ತಾ ಹೋಗುತ್ತಿದೆ ಅನ್ನೋದು ಗೊತ್ತಾದಾಗ ಇನ್ನೂ ನಾಲ್ಕು ಸಲ ಸುಮ್ಮಸುಮ್ಮನೆ ತಳ್ಳಿದೆ.

ಈಗ ನನ್ನ ಪೇಚಾಟದ ಕಥೆ. ಕಪ್ಪು ಮಸಿ ಹೋಯಿತು, ಬಟ್ಟೆ ಹೆಚ್ಚುಕಡಿಮೆ ಬೆಳ್ಳಗೆ ಬರತೊಡಗಿತು. ತಾಮ್ರವೂ ಹೋಗಲಿ ಅಂತ ಅಮೋನಿಯಾ ಇರುವ ಇನ್ನೊಂದು ಸಾಲ್ವೆಂಟ್ ತೆಗೆದೆ. ಮುಚ್ಚಳ ತೆರೆದರೆ ಕಣ್ಣಲ್ಲಿ ನೀರು. ಗುಂಡಿನ ಮೇಲೆ ತಾಮ್ರದ ಹೊದಿಕೆ ಇರುತ್ತದಲ್ಲ, ಅದು ನಳಿಗೆಗೆ ತೆಳ್ಳಗೆ ಬಳಿದುಕೊಂಡಿರುತ್ತದೆ. ಅಮೋನಿಯಾ ತಾಕಿದರೆ ತಾಮ್ರ ಕರಗಿ ಬಟ್ಟೆ ನೀಲಿ ಆಗುತ್ತದೆ. ನೀಲಿ ಬರುವುದು ನಿಂತರೆ ತಾಮ್ರ ಮುಗಿಯಿತು ಅಂತ ಲೆಕ್ಕ.

ಮೊದಲನೇ ಚೂರು ನೀಲಿ. ಸರಿ, ಪರೀಕ್ಷೆಗೆ ಹಾರಿಸಿದ್ದಾರಲ್ಲ. ಎರಡನೇದೂ ನೀಲಿ. ಐದನೇದೂ ನೀಲಿ. ಹತ್ತನೇದಕ್ಕೆ ಬರುವಷ್ಟರಲ್ಲಿ ನನಗೆ ಅನುಮಾನ, ಮಾರಿದವರು ನನಗೆ ಯಾರೋ ಬಳಸಿದ ರೈಫಲ್ ದಾಟಿಸಿಬಿಟ್ಟರಾ ಅಂತ. ಡಬ್ಬಿಯ ಮೇಲೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಒಳಗೆ ಬಿಡಬೇಡಿ ಅಂತ ಬೇರೆ ಬರೆದಿತ್ತು, ಗಡಿಯಾರ ನೋಡಿಕೊಂಡು ಒರೆಸಿ, ಮತ್ತೆ ಹಚ್ಚಿ, ಮತ್ತೆ ಒರೆಸಿ, ಒಂದೂವರೆ ಗಂಟೆ ಇದೇ ಆಯಿತು. ಮೇಜಿನ ಮೇಲೆ ನೀಲಿ ಚೂರುಗಳ ಗುಡ್ಡೆ.

ಕೊನೆಗೆ ಬೇಸರಕ್ಕೆ ರಾಡ್ ಮೇಜಿನ ಮೇಲೆ ಹಾಕಿ ಎದ್ದು ಹೋದೆ. ಬಟ್ಟೆ ತುದಿಯಲ್ಲೇ ಇತ್ತು, ಒದ್ದೆಯಾಗಿ, ನಳಿಗೆಯೊಳಗೆ ಇನ್ನೂ ಹೋಗಿರಲೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ಆ ಚೂರೂ ನೀಲಿ! ಒಳಗೆ ಹೋಗದ ಬಟ್ಟೆ ನೀಲಿ ಆಗೋದು ಹೇಗೆ?

ಬಟ್ಟೆ ಸಿಕ್ಕಿಸಿಕೊಳ್ಳಲು ರಾಡಿನ ತುದಿಗೆ ಜ್ಯಾಗ್ ಅಂತ ಒಂದು ಚೂಪು ತಲೆ ಇರುತ್ತದೆ. ನನ್ನದು ಹಿತ್ತಾಳೆಯದು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಇಷ್ಟು ಹೊತ್ತು ಸಾಲ್ವೆಂಟ್ ಕರಗಿಸುತ್ತಿದ್ದದ್ದು ನನ್ನ ಜ್ಯಾಗನ್ನೇ. ಒರೆಸಿ ನೋಡಿದರೆ ಅದು ಹೊಸ ಪಾತ್ರೆಯ ಹಾಗೆ ಫಳಫಳ. ಸೆಟ್ಟಿನ ಮೂಲೆಯಲ್ಲಿ ಒಂದು ನೈಲಾನ್ ತಲೆ ಇತ್ತು, ಅದನ್ನು ಹಾಕಿದೆ. ಮೊದಲನೇ ಚೂರಿನಲ್ಲಿ ತೆಳು ನೀಲಿ, ಎರಡನೇದು ಬಿಳಿ. ಮುಗಿಯಿತು! ಯಾರನ್ನು ಮನಸ್ಸಿನಲ್ಲಿ ಬೈದಿದ್ದೆನೋ ಅವರ ಕ್ಷಮೆಯನ್ನು ಮನಸ್ಸಿನಲ್ಲೇ ಕೇಳಿದೆ. ಕಂಚಿನ ಬ್ರಷ್ಷಿನ ಕಥೆಯೂ ಇದೇ, ಅಮೋನಿಯಾ ಅದನ್ನೂ ತಿನ್ನುತ್ತದೆ, ಬಳಸಿದ ಮೇಲೆ ತೊಳೆದಿಡಬೇಕು.

ಆ ಖುಷಿಯಲ್ಲಿ ಅವಸರ ಮಾಡಿದ್ದು ಇನ್ನೊಂದು ತಪ್ಪಿಗೆ ದಾರಿ ಆಯಿತು. ಅಂಗಡಿಯ ಚೂರುಗಳು ಮುಗಿದಿದ್ದವು. ಹಳೆ ಬನಿಯನ್ ಕತ್ತರಿಸಿ ದೊಡ್ಡದೊಂದು ಚೂರು ಮಾಡಿ ತಳ್ಳಿದೆ. ನಡುವೆ ಸಿಕ್ಕಿಕೊಂಡಿತು. ಮುಂದಕ್ಕೂ ಹೋಗಲ್ಲ. ಹಿಂದಕ್ಕೆ ಎಳೆದೆ, ರಾಡ್ ಆರಾಮಾಗಿ ಬಂತು. ತುದಿಯಲ್ಲಿ ಬಟ್ಟೆ ಇಲ್ಲ.

ಹಿಂದಿನಿಂದ ನಳಿಗೆಯೊಳಗೆ ನೋಡಿದೆ. ಬೆಳಕಿನ ಬಿಲ್ಲೆ ಇದ್ದ ಕಡೆ ಪೂರ್ತಿ ಕತ್ತಲು. ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು, ಸುಳ್ಳು ಹೇಳಲ್ಲ. ಒಂದು ಬಟ್ಟೆ ಚೂರು ನಳಿಗೆಯಲ್ಲಿ ಉಳಿದದ್ದು ಮರೆತು ಗುಂಡು ಹಾರಿಸಿದರೆ, ಮೊದಲೇ ಹೇಳಿದೆನಲ್ಲ ಸಾವಿರಾರು ಬಾರ್ ಒತ್ತಡ, ಅದು ಅಡ್ಡಿ ಸಿಕ್ಕ ಜಾಗದಲ್ಲಿ ನಳಿಗೆಯನ್ನೇ ಉಬ್ಬಿಸಬಹುದು, ಸೀಳಲೂಬಹುದು, ಮತ್ತು ಅದರ ಪಕ್ಕದಲ್ಲೇ ನನ್ನ ಎಡಗೈ ಇರುತ್ತದೆ. ಸುತ್ತಿಗೆಯಿಂದ ಹೊಡೆಯುವ ಯೋಚನೆ ಬಂದದ್ದನ್ನು ಒಪ್ಪಿಕೊಳ್ಳುತ್ತೇನೆ, ಹೊಡೆಯಲಿಲ್ಲ. ಒಂದಿಷ್ಟು ಎಣ್ಣೆ ಬಿಟ್ಟು, ಬಟ್ಟೆಗೆ ಇಳಿಯಲಿ ಅಂತ ಹತ್ತು ನಿಮಿಷ ಕಾದು, ಬರಿಯ ಜ್ಯಾಗನ್ನು ಹಿಂದಿನಿಂದ ಒಳಗೆ ಬಿಟ್ಟು ಅಂಗೈಯಿಂದ ಒತ್ತುತ್ತಾ ಹೋದೆ. ಸ್ವಲ್ಪ ಸ್ವಲ್ಪವೇ ಜರುಗಿ ಕೊನೆಗೆ ಟಪ್ ಅಂತ ಆ ಕಡೆ ಬಿತ್ತು. ಬಿಲ್ಲೆ ಮತ್ತೆ ಬೆಳಗಿತು. ಆವತ್ತಿನಿಂದ ಚೂರುಗಳನ್ನು ಎಣಿಸಿಯೇ ಒಳಗೆ ಕಳಿಸುತ್ತೇನೆ, ಎಣಿಸಿಯೇ ಎತ್ತಿಡುತ್ತೇನೆ.

ಚೇಂಬರಿಗೆ ಬೇರೆ, ದಪ್ಪನೆಯ ಬ್ರಷ್ ಬೇಕು. ಇಲ್ಲಿ ಎಣ್ಣೆ ಉಳಿಯಲೇಬಾರದು ಅನ್ನೋದಕ್ಕೆ ಪುಸ್ತಕದಲ್ಲಿ ಇಲ್ಲದ ಕಾರಣ ಸರ್ ಹೇಳಿದರು. ಗುಂಡು ಹಾರಿದಾಗ ತೋಟಾದ ಹಿತ್ತಾಳೆ ಕವಚ ಉಬ್ಬಿ ಚೇಂಬರಿನ ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಗೋಡೆ ಜಿಡ್ಡಾಗಿದ್ದರೆ ಹಿಡಿತ ಸಿಗದೆ ಜಾರುತ್ತದೆ, ಹೊಡೆತವೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆ. ಹಾಗಾಗಿ ಅಲ್ಲಿ ಒರೆಸಿದ್ದೇ ಒರೆಸಿದ್ದು, ಕಡ್ಡಿಗೆ ಬಟ್ಟೆ ಸುತ್ತಿ, ಬಟ್ಟೆ ಒಣಗಿದ್ದು ಒಣಗಿದ ಹಾಗೇ ಹೊರಗೆ ಬರುವ ತನಕ.

ಹಿಂದಿನ ಕಾಲದವರು ನಳಿಗೆಗೆ ಬಿಸಿನೀರು ಹುಯ್ಯುತ್ತಿದ್ದರು ಅಂತ ಓದಿದ್ದೆ, ಅದನ್ನೂ ಮಾಡಲಾ ಅಂತ ಕೇಳಿದ್ದಕ್ಕೆ ನಕ್ಕರು. ಎರಡನೇ ಮಹಾಯುದ್ಧದ ಕಾಲದ ಬಹಳಷ್ಟು ಸೈನ್ಯದ ತೋಟಾಗಳ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಒಂಥರಾ ಉಪ್ಪು ಉಳಿದು, ಗಾಳಿಯ ತೇವ ಎಳೆದುಕೊಂಡು ರಾತ್ರೋರಾತ್ರಿ ತುಕ್ಕು ಹಿಡಿಸುತ್ತಿತ್ತು. ಉಪ್ಪು ಎಣ್ಣೆಯಲ್ಲಿ ಕರಗಲ್ಲ, ನೀರಿನಲ್ಲಿ ಕರಗುತ್ತದೆ. ಅದಕ್ಕೆ ಬಿಸಿನೀರು. ಇವತ್ತಿನ ಸಾಮಾನ್ಯ ತೋಟಾಗಳಿಗೆ ಅದರ ಅಗತ್ಯ ಇಲ್ಲ.

ಬೋಲ್ಟಿನ ಕೆಲಸ ಸುಲಭ. ಒರೆಸಿ, ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ಮೂಲೆಗಳನ್ನು ತಿಕ್ಕಿದೆ. ಸ್ಪ್ರಿಂಗ್, ಫೈರಿಂಗ್ ಪಿನ್ ಬಿಚ್ಚುವ ಧೈರ್ಯ ಮಾಡಲಿಲ್ಲ. ಆದರೆ ಒರೆಸುವಾಗ ಹಿಂದಿನ ತುದಿ ಕೈಯಲ್ಲೇ ಟಕ್ ಅಂತ ತಿರುಗಿ ಮುಂದಕ್ಕೆ ಜಾರಿತು. ಆಮೇಲೆ ಬೋಲ್ಟ್ ರೈಫಲ್ಲಿನೊಳಗೆ ಹೋಗಲೇ ಇಲ್ಲ. ಮುರಿದೇ ಹೋಯಿತು ಅಂದುಕೊಂಡೆ. ಏನೂ ಆಗಿರಲಿಲ್ಲ, ಸ್ಪ್ರಿಂಗ್ ಬಿಟ್ಟುಕೊಂಡಿತ್ತು ಅಷ್ಟೆ. ಆ ತುದಿಯನ್ನು ಬಲವಾಗಿ ಹಿಂದಕ್ಕೆ ತಿರುಗಿಸಿ ಅದರ ಕಚ್ಚಿನಲ್ಲಿ ಕೂರಿಸಿದರೆ ಸರಿಹೋಗುತ್ತದೆ. ನನಗೆ ಅರ್ಧ ಗಂಟೆ, ಒಂದು ಬೆರಳಿನ ಚರ್ಮ ಹೋಯಿತು.

ಬೋಲ್ಟಿನ ತಲೆಯಲ್ಲಿ ಎರಡು ಉಬ್ಬುಗಳಿವೆ, ಲಗ್ ಅಂತಾರೆ. ಮುಚ್ಚಿದಾಗ ಇವೇ ಬಾಗಿಲ ಅಗುಳಿಯ ಹಾಗೆ ಕೂತು ಒತ್ತಡ ತಡೆಯುವುದು. ಅವುಗಳ ಹಿಂಬದಿಗೆ ಮಾತ್ರ ಸಾಸಿವೆ ಕಾಳಿನಷ್ಟು ಗ್ರೀಸ್. ಬೋಲ್ಟಿನ ಮುಖಕ್ಕೆ ಏನೂ ಇಲ್ಲ. ಟ್ರಿಗರಿಗೂ ಏನೂ ಇಲ್ಲ. ಟ್ರಿಗರಿಗೆ ಎಣ್ಣೆ ಸುರಿಯುವುದು ಒಂದು ಚಟ, ಕೆಲವರಿಗೆ ತಡೆಯೋಕೆ ಆಗಲ್ಲ. ಅಲ್ಲಿ ಎಣ್ಣೆ ನಿಂತು, ಧೂಳು ಸೇರಿ, ಅಂಟಾಗಿ, ಒಂದು ದಿನ ಕೈ ಕೊಡುತ್ತದೆ. ಮರದ ಭಾಗವನ್ನು ಒಣ ಬಟ್ಟೆಯಲ್ಲಿ ಒರೆಸಿದೆ, ಸಾಲ್ವೆಂಟ್ ತಾಗಿದರೆ ಪಾಲಿಶ್ ಹೋಗುತ್ತದೆ. ಹೊರಗಿನ ಲೋಹಕ್ಕೆ ತೆಳ್ಳಗೆ ಎಣ್ಣೆ ಸವರಿದೆ, ಬೆರಳಚ್ಚು ಉಳಿದರೆ ಅಲ್ಲೇ ತುಕ್ಕು ಶುರುವಾಗುವುದರಿಂದ. ನಳಿಗೆಯೊಳಗೂ ಒಂದು ತೆಳು ಎಣ್ಣೆಯ ಚೂರು ಆಡಿಸಿದೆ, ರೇಂಜಿಗೆ ಹೋಗಲು ಇನ್ನೂ ಎರಡು ದಿನ ಇತ್ತು. ಜಿಡ್ಡಿನ ಬಟ್ಟೆಗಳನ್ನೆಲ್ಲ ಮುಚ್ಚಳ ಇರುವ ತಗಡಿನ ಡಬ್ಬಿಗೆ ಹಾಕಿ ಹೊರಗಿಟ್ಟೆ. ಕೈಗೆ ಎರಡು ಸಲ ಸೋಪು ಹಚ್ಚಿದರೂ ರಾತ್ರಿ ಮಲಗುವಾಗ ಅಮೋನಿಯಾ ವಾಸನೆ ಬರುತ್ತಿತ್ತು.

ರೇಂಜಿಗೆ ಹೋದ ದಿನ ಹೊರಡುವ ಮುಂಚೆ ಎರಡು ಒಣ ಚೂರು ಆಡಿಸಿದೆ. ಎರಡು ಒಳಗೆ, ಎರಡು ಹೊರಗೆ. ಬಿಲ್ಲೆ ನೋಡಿದೆ. ಗೆರೆಗಳು ಈಗ ಚೂಪಾಗಿ, ತಿರುಗುತ್ತಾ ಹೋಗುವ ಮೆಟ್ಟಿಲಿನ ಹಾಗೆ ಕಾಣುತ್ತಿದ್ದವು. ರೇಂಜಿನಲ್ಲಿ ಮತ್ತೊಮ್ಮೆ ನೋಡಿದೆ. ಐದು ಗುಂಡು ಹಾರಿಸಿದೆ. 100 ಮೀಟರಿನ ಕಾಗದ ತಂದು ಮೇಜಿನ ಮೇಲೆ ಹಾಸಿದರೆ ನಾಲ್ಕು ತೂತುಗಳು ಒಂದು ಬೆಂಕಿಪೊಟ್ಟಣದ ಕೆಳಗೆ ಮುಚ್ಚಿಹೋಗುವಷ್ಟು ಹತ್ತಿರ, ಒಂದು ಮಾತ್ರ ಮೂರು ಬೆರಳು ಮೇಲೆ, ಒಂಟಿಯಾಗಿ.

"ಇದು ಮೊದಲನೇದು, ಅಲ್ವಾ?" ಅಂದರು ಸರ್, ಒಂಟಿ ತೂತಿನ ಮೇಲೆ ಬೆರಳಿಟ್ಟು.

"ಹೌದು ಸರ್. ಕೈ ಅಲುಗಿತು ಅನ್ಸುತ್ತೆ."

"ಕೈ ಅಲ್ಲ ಮಾರಾಯ, ಎಣ್ಣೆ. ಎರಡು ಚೂರು ಸಾಲದು, ಮುಂದಿನ ಸಲ ಮೂರು ಆಡಿಸು."